ಮುಚ್ಚಿಟ್ಟು ಮಾಡುವ ಕಲ್ಯಾಣ ಯಾರ ಕಲ್ಯಾಣ?



ಗಂಡು ಗಂಡನ್ನೇ ಪ್ರೀತಿಸುವ ಕಥೆಯ ಸಿನಿಮಾ ಬಂದಾಗಲೆಲ್ಲ ನಮ್ಮ ಹಿರಿಯರ ಮಾತು ಒಂದೇ: ‘ಇದು ನಮ್ಮ ಸಂಸ್ಕೃತಿಯಲ್ಲ’. ಸಿನಿಮಾವನ್ನು ಬೈಯಲು ಖರ್ಚಿಲ್ಲ. ಆದರೆ ಅಂಥ ಕಥೆಗಳಲ್ಲಿರುವ ಅನ್ಯಾಯ ನಡೆಯುವುದು ನಮ್ಮದೇ ಮದುವೆ ಚಪ್ಪರದಲ್ಲಿ.

2023ರಲ್ಲಿ ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ಕಾದಲ್’ ಬಂತು. ಮಮ್ಮೂಟ್ಟಿ ಅದರಲ್ಲಿ ಊರು ಗೌರವಿಸುವ ಗೃಹಸ್ಥ. ಆತ ಚುನಾವಣೆಗೆ ನಿಲ್ಲುವ ಹೊತ್ತಿಗೆ ಹೆಂಡತಿ ವಿಚ್ಛೇದನ ಕೇಳುತ್ತಾಳೆ; ಅವನ ಒಲವು ಇನ್ನೊಬ್ಬ ಗಂಡಸಿನ ಮೇಲೆ. ತಂದೆಗೆ ಇದು ಮೊದಲೇ ತಿಳಿದಿತ್ತು. ಮದುವೆಯಾದರೆ ಸರಿಹೋಗುತ್ತಾನೆಂದು ಒತ್ತಾಯಿಸಿ ಕಟ್ಟಿದ. ಬೆಲೆ ತೆತ್ತವಳು ಸೊಸೆ.

ನಮ್ಮ ಕನ್ನಡದಲ್ಲೇ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಪ್ರಕಟಿಸಿದರು. ಜೊತೆಗಾರ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಅಸೂಯೆಯಲ್ಲಿ ಬೇಯುತ್ತಾನೆ. ಅವನ ಸಂಕಟ ಅರ್ಥವಾಗುತ್ತದೆ. ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಇಂಥ ಮದುವೆಗಳಲ್ಲಿ ವಧುವಿಗೆ ನಿಜ ಹೇಳುವವರು ಯಾರು?

ನಮ್ಮ ಸಕಲೇಶಪುರ, ಆಲೂರು ಸೀಮೆಯ ತೋಟದ ಮನೆಗಳಲ್ಲಿ ಜಾತಕ, ಒಳಪಂಗಡ, ಕಾಫಿ ತೋಟ ಎಷ್ಟು ಎಕರೆ, ಎಲ್ಲವನ್ನೂ ವಿಚಾರಿಸುತ್ತೇವೆ. ಹುಡುಗ ಹುಡುಗಿಗೆ ಮನಸ್ಸಿದೆಯೇ ಎಂದು ಮಾತ್ರ ಕೇಳುವುದಿಲ್ಲ. ಬಿರುಕು ಕಂಡ ಮೇಲೂ ಗಾರೆ ಬಳಿದು ಸೇತುವೆಯನ್ನು ಸಂಚಾರಕ್ಕೆ ಬಿಡುವ ಇಂಜಿನಿಯರನನ್ನು ಜೈಲಿಗೆ ಹಾಕಿ ಎನ್ನುವವರು ನಾವೇ. ತಿಳಿದೂ ತಿಳಿದೂ ಹೆಣ್ಣುಮಗಳೊಬ್ಬಳನ್ನು ಅಂಥ ಸಂಸಾರಕ್ಕೆ ತಳ್ಳುವವರಿಗೆ ಯಾವ ಶಿಕ್ಷೆ?

‘ಕಾಯಿಲೆ’ ಎನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಕಾಯಿಲೆಯೇ ಅಲ್ಲದ್ದಕ್ಕೆ ಮದುವೆ ಎಂಬ ಮದ್ದೇಕೆ? ‘ವಿದೇಶಿ’ ಎನ್ನುವವರಿಗೆ: ಇದನ್ನು ಅಪರಾಧವೆಂದ 377ನೇ ಕಲಮು ಬ್ರಿಟಿಷರ 1860ರ ದಂಡಸಂಹಿತೆಯದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಬಿಡಿಸಿತು. ವಿದೇಶಿ ಯಾವುದು, ನೀವೇ ಹೇಳಿ.

ಕಲ್ಯಾಣದ ಕತೆಯನ್ನು ನಾವು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯನ್ನು ಅಂದಿನ ಸಮಾಜ ಅಧರ್ಮವೆಂದಿತು. ಹೆತ್ತವರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಅಂದು ‘ಸಂಸ್ಕೃತಿ ಕೆಟ್ಟಿತು’ ಎಂದವರು ಬಿಜ್ಜಳನ ಪಕ್ಷದವರು. ಇಂದು ಅದೇ ಮಾತಾಡುವ ನಾವು ಯಾರ ಪಕ್ಷ? ಶರಣರು ಈ ವಿಷಯವನ್ನು ನೇರವಾಗಿ ಚರ್ಚಿಸಿದರೆಂದು ನಾನು ವಾದಿಸುತ್ತಿಲ್ಲ. ಅವರು ಅಳತೆಗೋಲು ಕೊಟ್ಟರು. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ಜೇಡರ ದಾಸಿಮಯ್ಯನವರ ಅರಿವು. ದಯೆಯಿಲ್ಲದ ಧರ್ಮವನ್ನು ಬಸವಣ್ಣನವರು ಒಪ್ಪಲಿಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೆ. ಮಠಗಳಲ್ಲಿ ನಡೆಯುವ ಕಲ್ಯಾಣ ಮಹೋತ್ಸವಗಳಿಗೆ ಮೊದಲು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ, ಹೆತ್ತವರಿಲ್ಲದಂತೆ ಮಾತಾಡಿಸಿ. ಒಲ್ಲೆ ಎಂದರೆ ಕಾರಣ ಕೆದಕದೆ ನಿಲ್ಲಿಸಿ. ಮನೆಯವರಿಗೆ ತಾವೇ ಹೇಳಿ. ತಾಯಿತಂದೆಯರೇ, ಮಗನೋ ಮಗಳೋ ನಿಜ ಹೇಳಿದ ದಿನ ಮನೆಯ ಬಾಗಿಲು ಹಾಕಬೇಡಿ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಮನೆಯಲ್ಲಿ ಸುಳ್ಳು ಕಟ್ಟುವುದು ಶರಣಧರ್ಮವಲ್ಲ.