ಉತಾರದ ಒಂದು ಸಾಲು

ತಿಕೋಟಾ ತಾಲೂಕಿನ ಹೊನವಾಡ ಗ್ರಾಮದ ಹೆಸರು 2024ರ ಅಕ್ಟೋಬರದಲ್ಲಿ ದಿಲ್ಲಿಯವರೆಗೂ ಮುಟ್ಟಿದ ವೃತ್ತಾಂತವನ್ನು ನಮ್ಮ ವಾಚಕರು ಮರೆತಿರಲಾರರು. ಆ ಗ್ರಾಮದ ಸುಮಾರು 1,200 ಎಕರೆ ಜಮೀನು ವಕ್ಫ್ ಆಸ್ತಿಯೆಂದು ದಾಖಲೆಗಳಲ್ಲಿ ಸೇರಲಿದೆಯೆಂಬ ವಾರ್ತೆ ಹಬ್ಬಿತು. ತಲೆಮಾರುಗಳಿಂದ ಉಳುತ್ತ ಬಂದ ರೈತರು ಕಂಗಾಲಾಗಿ ವಿಜಯಪುರದ ಜಿಲ್ಲಾಧಿಕಾರಿಗಳ ಕಚೇರಿಗೆ ಬಂದರು. ಪಕ್ಷಗಳ ಮುಖಂಡರು ಬಂದರು. ನವೆಂಬರದಲ್ಲಿ ಸಂಸತ್ತಿನ ಜಂಟಿ ಸಮಿತಿಯ ಅಧ್ಯಕ್ಷರೂ ಬಂದರು. ಈಗ ಆ ಗದ್ದಲವು ಅಡಗಿದೆ. ಗದ್ದಲವಡಗಿದಾಗಲೇ ವಿವೇಚನೆಗೆ ಅವಕಾಶವಾದುದರಿಂದ ಈ ವಿಷಯವನ್ನು ನಾವು ಮತ್ತೊಮ್ಮೆ ಎತ್ತಿಕೊಂಡಿದ್ದೇವೆ.

ನಡೆದುದೇನು? 1974ರ ಗೆಜೆಟ್ಟಿನಲ್ಲಿ ವಿಜಯಪುರ ನಗರದ ಮಹಾಲ ಬಾಗಾಯತದ ಹೆಸರಿನ ಮುಂದೆ ಕಂಸದೊಳಗೆ ಹೊನವಾಡವೆಂಬ ಹೆಸರು ತಪ್ಪಾಗಿ ಅಚ್ಚಾಯಿತು. 1977ರಲ್ಲಿ ಆ ತಪ್ಪನ್ನು ತಿದ್ದಲಾಯಿತು. ಹೊನವಾಡದಲ್ಲಿ ವಕ್ಫಿಗೆ ಸೇರಿದ್ದು ಖಬರಸ್ತಾನ ಮುಂತಾದುವುಗಳ 11 ಎಕರೆ ಮಾತ್ರವೆಂದು ಜಿಲ್ಲೆಯ ಉಸ್ತುವಾರಿ ಸಚಿವರೂ ಬಬಲೇಶ್ವರ ಕ್ಷೇತ್ರದ ಶಾಸಕರೂ ಆದ ಶ್ರೀ ಎಂ. ಬಿ. ಪಾಟೀಲರು ಆಗ ಸ್ಪಷ್ಟಪಡಿಸಿದರು. ಸಂತೋಷವೇ. ಆದರೆ ತಿದ್ದುಪಡಿಯಾಗಿ 47 ವರ್ಷಗಳು ಕಳೆದ ಮೇಲೂ ಹಳೆಯ ತಪ್ಪೇ ರೈತನ ನಿದ್ದೆಗೆಡಿಸಿತಲ್ಲ, ಇದಕ್ಕೇನೆನ್ನೋಣ? ತಪ್ಪು ಕಚೇರಿಯದು, ತಿದ್ದುಪಡಿಯೂ ಕಚೇರಿಯದೇ. ಅಲೆದಾಟ ಮಾತ್ರ ರೈತನದು!

ಇಂಡಿ ಭಾಗದಲ್ಲಂತೂ ಕೆಲವು ಸರ್ವೆ ನಂಬರುಗಳ ಉತಾರದ 11ನೆಯ ಕಾಲಮ್ಮಿನಲ್ಲಿ, ಮಾಲೀಕರಿಗೆ ನೋಟೀಸು ಮುಟ್ಟಿಸದೆಯೇ ವಕ್ಫೆಂದು ಬರೆದುದನ್ನು ಸರಕಾರದ ಕಡೆಯವರೇ ಒಪ್ಪಿಕೊಂಡರು. 9ನೆಯ ಕಾಲಮ್ಮಿನಲ್ಲಿ ರೈತನ ಹೆಸರು ಇದ್ದಂತೆಯೇ ಇರುತ್ತದೆ, ಅದರಿಂದ ಬಾಧಕವೇನು ಎಂದು ಕೇಳುವವರುಂಟು. ಬಾಧಕವುಂಟು. 11ನೆಯದು ಋಣಗಳನ್ನೂ ಇತರರ ಹಕ್ಕುಗಳನ್ನೂ ತೋರಿಸುವ ಕಾಲಮ್ಮು. ಅಲ್ಲಿ ಅನ್ಯರ ಹಕ್ಕು ಕಂಡೊಡನೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಗೆಯುವರು. ಕೊಳ್ಳಬಂದವನು ಮುಂಗಡವನ್ನು ಮರಳಿ ಕೇಳುವನು. ಮಗಳ ಲಗ್ನಕ್ಕೆಂದು ಎರಡೆಕರೆ ಮಾರಹೊರಟ ತಂದೆ ಕೈಚೆಲ್ಲಿ ಕೂಡುವನು.

1964ರ ಕರ್ನಾಟಕ ಭೂಕಂದಾಯ ಕಾಯದೆಯ 133ನೆಯ ಕಲಮಿನಂತೆ, ಹಕ್ಕುದಾಖಲೆಯಲ್ಲಿ ಬರೆದದ್ದು ವಿರುದ್ಧ ಸಿದ್ಧವಾಗುವವರೆಗೆ ನಿಜವೆಂದೇ ಗ್ರಾಹ್ಯ. ಇಷ್ಟು ಬಲವುಳ್ಳ ಲೇಖನಿಗೆ ಕಡಿವಾಣವಿರಬೇಕೆಂದೇ ಅದೇ ಕಾಯದೆಯ 129ನೆಯ ಕಲಮು, ಡೈರಿಯಲ್ಲಿ ನಮೂದಿಸಿದ ಬದಲಾವಣೆಯನ್ನು ಚಾವಡಿಯಲ್ಲಿ ಹಚ್ಚಬೇಕು, ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಕು, ತಕರಾರು ಬಂದರೆ ವಿಚಾರಿಸಬೇಕು ಎಂದು ವಿಧಿಸಿದೆ. ನೋಟೀಸೆಂಬುದು ಅಧಿಕಾರಿಯ ಕೃಪೆಯಲ್ಲ, ಪ್ರಜೆಯ ಹಕ್ಕು.

ವಕ್ಫ್ ಕಾಯದೆಯಂತೆ ಪಟ್ಟಿಯನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲೇಬೇಕಾಗಿತ್ತೆಂದು ಅಧಿಕಾರಿಗಳು ಹೇಳಬಹುದು. ಲಕ್ಷ್ಯಕ್ಕೆ ತೆಗೆದುಕೊಳ್ಳುವುದು ಬೇರೆ, ವಿಚಾರಣೆಯಿಲ್ಲದೆ ಬರೆದುಬಿಡುವುದು ಬೇರೆ. ಸರಿಯಾದ ಸರ್ವೆ ನಡೆಯದೆ ಗೆಜೆಟ್ಟಿನಲ್ಲಿ ಪ್ರಕಟವಾದ ಮಾತ್ರಕ್ಕೆ ಜಮೀನು ವಕ್ಫ್ ಆಗದೆಂದು ಸುಪ್ರೀಂ ಕೋರ್ಟು ಸೇಲಂ ಖಬರಸ್ತಾನದ ಖಟ್ಲೆಯಲ್ಲಿ 2023ರಲ್ಲಿ ನಿರ್ಣಯಿಸಿದೆ.

ಇದನ್ನು ಹಿಂದೂ ಮುಸಲ್ಮಾನರ ಜಗಳವೆಂದು ಬಗೆಯುವವರೊಡನೆ ನಮ್ಮ ಸಹಮತವಿಲ್ಲ. ಖಬರಸ್ತಾನದ ಜಮೀನು ಕಬಳಿಕೆಯಾದರೆ ಅದೂ ಅನ್ಯಾಯವೇ. ಗುಡಿಯ ಇನಾಮು ಕಬಳಿಕೆಯಾದರೆ ಅದೂ ಅಷ್ಟೇ. ವಕ್ಫಿಗೆ ನಿಜವಾದ ಹಕ್ಕಿದ್ದಲ್ಲಿ ಆಧಾರಗಳೊಡನೆ ನ್ಯಾಯಾಸನದ ಮುಂದೆ ಬರಲಿ. ಅದಕ್ಕೆ ದಾರಿ ತೆರೆದಿದೆ. ಇಂದು ಒಂದು ಸಮಾಜದ ಉತಾರದಲ್ಲಿ ಕೇಳದೆ ಬರೆಯುವ ಲೇಖನಿ, ನಾಳೆ ಮತ್ತೊಂದು ಸಮಾಜದ ಉತಾರದಲ್ಲಿಯೂ ಬರೆಯಬಲ್ಲದು.

ನವೆಂಬರದಲ್ಲಿ ಮುಖ್ಯಮಂತ್ರಿಗಳು ನೋಟೀಸುಗಳನ್ನು ಹಿಂದೆಗೆದುಕೊಳ್ಳಲು ಆಜ್ಞಾಪಿಸಿದ್ದು ಯೋಗ್ಯವೇ. ಕೇಂದ್ರದ 2025ರ ತಿದ್ದುಪಡಿ ಕಾಯದೆಯ ಕೆಲವು ಅಂಶಗಳನ್ನು ಸುಪ್ರೀಂ ಕೋರ್ಟು ಆ ವರ್ಷದ ಸಪ್ಟೆಂಬರದಲ್ಲಿ ತಡೆಹಿಡಿದಿದೆ. ಆ ಕಾಯದೆಯ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಆದರೆ ಇಂಥ ನಮೂದಿಗೆ ಮುಂಚೆ ಎರಡು ದಿನಪತ್ರಿಕೆಗಳಲ್ಲಿ 90 ದಿನಗಳ ಪ್ರಕಟಣೆ ಕೊಟ್ಟು ಬಾಧಿತರನ್ನು ಕೇಳಬೇಕೆಂಬ ಅದರ ನಿಯಮವು ಯಾವ ಧರ್ಮದವರಿಗೂ ಹಿತವಾದುದೇ. ಈ ನಿಯಮವು ವಕ್ಫಿಗೆ ಮಾತ್ರವೇಕೆ? ಯಾವ ಸಂಸ್ಥೆಯೇ ಆಗಲಿ, ಸ್ವತಃ ಸರಕಾರವೇ ಆಗಲಿ, ಪ್ರಜೆಯ ಉತಾರದಲ್ಲಿ ಹಕ್ಕು ಹೇಳುವಾಗ ಇದನ್ನೇ ಪಾಲಿಸಲಿ. ಗೆಜೆಟ್ಟಿನ ತಿದ್ದುಪಡಿಗಳೆಲ್ಲ ತಹಶೀಲ್ದಾರರ ಮೇಜಿಗೆ ಮುಟ್ಟಿವೆಯೇ ಎಂದು ಜಿಲ್ಲಾಧಿಕಾರಿಗಳು ಪರೀಕ್ಷಿಸಲಿ. ನೋಟೀಸಿಲ್ಲದೆ ಬರೆದ ಅಧಿಕಾರಿಯು ಜವಾಬು ಕೊಡುವಂತಾಗಲಿ.

ವಾಚಕರಿಗೂ ಒಂದು ಮಾತು. ಕಂದಾಯ ತುಂಬಿದೊಡನೆ ಕರ್ತವ್ಯ ತೀರಿತೆಂದು ತಿಳಿಯಬೇಡಿರಿ. ವರ್ಷಕ್ಕೊಮ್ಮೆ ಉತಾರವನ್ನು ತೆಗೆಯಿಸಿ 9ನೆಯ ಮತ್ತು 11ನೆಯ ಕಾಲಮ್ಮುಗಳನ್ನು ಓದಿರಿ. ನಗರದಲ್ಲಿ ಮನೆ ಕೊಳ್ಳುವವರು ಖರೀದಿಪತ್ರವೊಂದನ್ನೇ ನಂಬದೆ ಹಳೆಯ ಋಣಭಾರ ಪತ್ರಗಳನ್ನೂ ಸಿಟಿ ಸರ್ವೆಯ ದಾಖಲೆಗಳನ್ನೂ ನೋಡಿರಿ. ತಪ್ಪು ನಮೂದು ಕಂಡರೆ ತಡಮಾಡದೆ 136ನೆಯ ಕಲಮಿನಂತೆ ಅಪೀಲು ಮಾಡಿರಿ. ಅಜ್ಜನು ಬೆವರಿಳಿಸಿ ಗಳಿಸಿದ ಭೂಮಿಯನ್ನು ಮೊಮ್ಮಗನು ಓದಿ ಕಾಯಬೇಕಾದ ಕಾಲವಿದು. ಕಾಯುವ ಆ ಭಾರವನ್ನು ಹಗುರಗೊಳಿಸುವುದು ಸರಕಾರದ ಧರ್ಮ. ಆ ಧರ್ಮವನ್ನು ಅದು ಮರೆಯಲಾರದೆಂದು ನಾವು ಆಶಿಸುತ್ತೇವೆ.