ಮುಚ್ಚಳಿಕೆ ಬರೆಯಬೇಕಾದವನು ಅವನು

ಮನೆಯೊಳಗಿನ ಹೊಡೆತ ನಿಲ್ಲಬೇಕಾದರೆ ಗಂಡ, ಅತ್ತೆ, ಮಾವಂದಿರ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡುವ ಕಾರ್ಯಕ್ರಮ ಬೇಕು ಎಂದು ನಾನು ಹೇಳಿದ್ದಕ್ಕೆ ಹಲವು ಕಡೆಯಿಂದ ಬೈಗುಳ ಬಂದಿದೆ.

‘ಇದು ರಾಜಿ ಪಂಚಾಯ್ತಿಯ ಹೊಸ ಹೆಸರು’ ಎಂಬುದು ಮಹಿಳಾಪರ ಗೆಳೆಯರ ಆಕ್ಷೇಪ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ. ಠಾಣೆಯ ಬೆಂಚಿನ ಮೇಲೆ ಹೊಡೆತ ತಿಂದವಳನ್ನು ಗಂಡನ ಪಕ್ಕ ಕೂರಿಸಿ, ‘ಮಕ್ಕಳ ಮುಖ ನೋಡಮ್ಮ, ಹೊಂದ್ಕೊಂಡು ಹೋಗು’ ಎಂದು ಸಹಿ ಹಾಕಿಸಿ ಕಳಿಸುವುದು ಯಾರಿಗೆ ಗೊತ್ತಿಲ್ಲ? ಆದರೆ ಅದು ಸಮಾಲೋಚನೆಯೇ ಅಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ 2006ರಲ್ಲಿ ಬಂದ ನಿಯಮಗಳ ಪ್ರಕಾರ, ಹೊಡೆದವನು ಸಮಾಲೋಚನೆಯಲ್ಲಿ ತನ್ನ ಹೊಡೆತಕ್ಕೆ ಸಮರ್ಥನೆ ಕೊಡುವಂತಿಲ್ಲ; ಇನ್ನು ಹಿಂಸಿಸುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕಾದವನೂ ಅವನೇ. ‘ಸಾರು ಸಪ್ಪೆಯಾಗಿತ್ತು ಮೇಡಂ’ ಎಂದು ಬಾಯಿ ತೆರೆದನೋ, ಅಲ್ಲೇ ತಡೆಯಬೇಕು. ನಾನು ಕೇಳುವುದು ಈ ನಿಯಮ ಪಾಲಿಸುವ ಕಾರ್ಯಕ್ರಮವನ್ನು. ಅವಳ ಒಪ್ಪಿಗೆಯಿಲ್ಲದೆ, ಅಥವಾ ಜೀವಭಯವಿರುವಾಗ, ಇಬ್ಬರನ್ನೂ ಜೊತೆಯಲ್ಲಿ ಕೂರಿಸುವುದು ಬೇಡವೇ ಬೇಡ.

‘ಕಾನೂನಿದೆ, ಒಳಗೆ ಹಾಕಿ.’ ಹಾಕಲಿ. ಆದರೆ ದೂರು ಕೊಡುವವರೆಷ್ಟು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ 14 ಮಾತ್ರ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ಶೇ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಇದೇ ರಾಜ್ಯದಲ್ಲಿ ಶೇ 81.9 ಗಂಡಸರೂ ಶೇ 76.9 ಹೆಂಗಸರೂ ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಎಂದಿದ್ದಾರೆ. ಈ ನಂಬಿಕೆಯ ಮೇಲೆ ಯಾವ ಸೆಕ್ಷನ್ ಹಾಕುತ್ತೀರಿ? ಸೊಸೆಗೆ ಬುದ್ಧಿ ಹೇಳುವ ಅತ್ತೆಯೂ ಈ ನಂಬಿಕೆಯೊಳಗೇ ಇದ್ದಾಳೆ.

‘ಕುಡಿತ ನಿಲ್ಲಿಸಿದರೆ ಸಾಕು’ ಎನ್ನುವವರಿಗೆ: 2007ರ ಜುಲೈನಲ್ಲೇ ರಾಜ್ಯದಲ್ಲಿ ಸಾರಾಯಿ ನಿಂತಿತು. ಮೇಲಿನ ಅಂಕಿಗಳು ಆಮೇಲಿನವು. ಕುಡಿತ ಹೊಡೆತವನ್ನು ಹೆಚ್ಚಿಸುತ್ತದೆ, ನಿಜ. ಆದರೂ ಎಷ್ಟೇ ಕುಡಿದವನೂ ಇನ್‌ಸ್ಪೆಕ್ಟರ್ ಮೇಲೆ ಕೈಯೆತ್ತುವುದಿಲ್ಲವಲ್ಲ!

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅಂತೆ. ಕೈ ಮುರಿದವಳು ಉಂಡು ಮಲಗುವುದಿಲ್ಲ, ಅಷ್ಟೇ.

‘ಮಾತಿನಿಂದ ಗಂಡಸು ಬದಲಾಗುತ್ತಾನೆಯೇ?’ ರುವಾಂಡಾದ ಹಳ್ಳಿಗಳಲ್ಲಿ ‘ಇಂಡಾಶ್ಯಿಕಿರ್ವಾ’ ಕಾರ್ಯಕ್ರಮದಲ್ಲಿ ದಂಪತಿಗಳಿಗೆ ವಾರಕ್ಕೊಂದರಂತೆ 21 ಪಾಠ ನಡೆದವು. ಎರಡು ವರ್ಷದ ನಂತರ ಕೇಳಿದಾಗ, ಪಾಠ ಕೇಳಿದ ಮನೆಗಳಲ್ಲಿ ಹಿಂಸೆ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಒಂದು ಭಾಷಣ, ಒಂದು ಬ್ಯಾನರ್, ಒಂದು ಫೋಟೊದ ‘ಜಾಗೃತಿ’ಯಿಂದ ಇದು ಆಗದು.

ನಮ್ಮಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆಯನ್ನು ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ತಲೆಗೇ ಕಟ್ಟಲಾಗಿದೆ. ತಾಲ್ಲೂಕಿಗೊಬ್ಬ ಪೂರ್ಣಾವಧಿ ಅಧಿಕಾರಿಯನ್ನು, ತರಬೇತಿ ಪಡೆದ ಸಮಾಲೋಚಕಿಯನ್ನು ಮೊದಲು ಕೊಡಿ. ಕಾರ್ಯಕ್ರಮ ಸೋತಿತು ಎನ್ನುವುದು ಆಮೇಲಿನ ಮಾತು.