ಎರಡು ಹಳೆಯ ಕಾರುಗಳಲ್ಲಿ ಒಂದನ್ನು ಉಳಿಸಿಕೊಳ್ಳಿ, ಇನ್ನೊಂದನ್ನು ಬೀದಿಯಲ್ಲಿ ಬಿಡಬೇಡಿ



ಮನೆಯಲ್ಲಿ ಎರಡು ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ಎಲ್ಲರಲ್ಲೂ ನನ್ನದೊಂದು ಮನವಿ. ಉದಾಹರಣೆಗೆ, ತಂದೆಯವರು ನಿವೃತ್ತಿಯ ಹೊತ್ತಿಗೆ ಕೊಂಡ ಪೆಟ್ರೋಲ್ ಸ್ಯಾಂಟ್ರೊ ಒಂದು. ಮಗ ಕೆಲಸಕ್ಕೆ ಸೇರಿದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಡೀಸೆಲ್ ಸ್ವಿಫ್ಟ್ ಇನ್ನೊಂದು. ಮೊದಲನೆಯದಕ್ಕೆ ಹದಿನೈದು ವರ್ಷ ತುಂಬಿದೆ, ಎರಡನೆಯದು ಆ ಗಡಿಗೆ ಹತ್ತಿರ ಬಂದಿದೆ. ನಿಮ್ಮ ಮನೆಯಲ್ಲಿ ಅದು ಆಲ್ಟೊ ಇರಬಹುದು, ವ್ಯಾಗನ್ ಆರ್ ಅಥವಾ ಇಂಡಿಕಾ ಇರಬಹುದು. ಎರಡಕ್ಕೂ ಖರ್ಚು ಮಾಡಲು ಕೈಲಾಗುವುದಿಲ್ಲ, ಒಂದನ್ನೂ ಬಿಡಲು ಮನಸ್ಸಾಗುವುದಿಲ್ಲ. ಹೀಗಾಗಿ ಎರಡೂ ಅರೆಬರೆ ರಿಪೇರಿಯಲ್ಲೇ ದಿನ ಕಳೆಯುತ್ತವೆ. ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಈ ತಿಂಗಳೇ ತೀರ್ಮಾನ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇದು ನಮ್ಮ ಮನೆಯ ವಿಷಯ, ಊರಿಗೇನು ಎಂದು ನೀವು ಕೇಳಬಹುದು. ನಮ್ಮ ಬಡಾವಣೆಗಳ 30×40 ಅಡಿ ಸೈಟಿನ ಮನೆಗಳಲ್ಲಿ ಗೇಟಿನ ಒಳಗೆ ಹಿಡಿಸುವುದು ಹೆಚ್ಚೆಂದರೆ ಒಂದು ಕಾರು. ಎರಡನೆಯದಕ್ಕೆ ಬೀದಿಯೇ ಗತಿ. ಸಣ್ಣ ಕಾರಿಗೂ ಸುಮಾರು ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲದ ಜಾಗ ಬೇಕು. ಇಪ್ಪತ್ತು ಅಡಿ ರಸ್ತೆಯ ಎರಡೂ ಬದಿಯಲ್ಲಿ ಕಾರು ನಿಂತರೆ ನಡುವೆ ಉಳಿಯುವುದು ಒಂಬತ್ತು ಹತ್ತು ಅಡಿ. ಅಗ್ನಿಶಾಮಕ ವಾಹನವೇ ಹತ್ತಿರಹತ್ತಿರ ಎಂಟು ಅಡಿ ಅಗಲವಿರುತ್ತದೆ. ತಿರುವಿನಲ್ಲಿ ಒಂದು ಕಾರು ಅಡ್ಡ ನಿಂತಿದ್ದರೆ 108 ಆಂಬುಲೆನ್ಸ್ ಹಿಂದೆ ಸರಿದು ಬೇರೆ ದಾರಿ ಹುಡುಕಬೇಕು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಇಂಥ ಊರಿನಲ್ಲಿ ಓಡದೆ ನಿಂತ ಕಾರು ನೆರೆಹೊರೆಯವರ ಜಾಗವನ್ನೂ ಹಿಡಿದಿಟ್ಟುಕೊಂಡಿರುತ್ತದೆ.

ಹಾಗಾದರೆ ಯಾವುದನ್ನು ಉಳಿಸಿಕೊಳ್ಳುವುದು? ಹೆಚ್ಚಿನವರು ಮೊದಲು ನೋಡುವುದು ಮೀಟರಿನಲ್ಲಿರುವ ಕಿಲೋಮೀಟರು, ಆಮೇಲೆ ಮೈಲೇಜು, ಕೊನೆಗೆ ಮಾರಿದರೆ ಎಷ್ಟು ಬರುತ್ತದೆ ಎನ್ನುವುದು. ಈ ಕ್ರಮವನ್ನು ದಯವಿಟ್ಟು ಬದಲಿಸಿ. ಮೊದಲು ನೋಡಬೇಕಾದದ್ದು ಕಾರಿನ ಅಡಿಭಾಗ. ಎರಡೂ ಕಾರುಗಳನ್ನು ಒಂದೇ ದಿನ ಒಂದೇ ಗ್ಯಾರೇಜಿಗೆ ಒಯ್ದು ಲಿಫ್ಟಿನ ಮೇಲೆ ಏರಿಸಿ. ಚಾಸಿ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ ಇಲ್ಲೆಲ್ಲ ತುಕ್ಕು ಹಿಡಿದಿದೆಯೇ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಕಾರು ಮೇಲೆ ಬಣ್ಣ ಹೊಳೆಯುತ್ತಿದ್ದರೂ ಅಡಿಯಲ್ಲಿ ಉದುರುತ್ತಿರಬಹುದು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಚಂದ ಕಾಣುತ್ತದೆ, ಅಪಘಾತದಲ್ಲಿ ಕಾಯುವುದಿಲ್ಲ. ಎಂಜಿನ್ ಬಿಚ್ಚಿ ಸರಿಮಾಡಬಹುದು, ಕ್ಲಚ್ ಬದಲಿಸಬಹುದು. ತೂತು ಬಿದ್ದ ಚಾಸಿಗೆ ಮಾತ್ರ ಭರವಸೆಯ ರಿಪೇರಿ ಇಲ್ಲ. ಅಂಥ ಕಾರು ಎಷ್ಟೇ ಕಡಿಮೆ ಓಡಿರಲಿ, ಬಿಡಬೇಕಾದದ್ದು ಅದನ್ನೇ.

ಎರಡನೆಯದು ಬ್ರೇಕು ಮತ್ತು ಒಳಗೆ ಕೂತವರ ರಕ್ಷಣೆ. ಹೊಸ ಕಾರುಗಳಲ್ಲೆಲ್ಲ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕು ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈನಿಂದ. ಅದಕ್ಕೂ ಮೊದಲಿನ ಸಣ್ಣ ಕಾರುಗಳಲ್ಲಿ ಇವು ಸಾಮಾನ್ಯವಾಗಿ ಹೆಚ್ಚು ಬೆಲೆಯ ಮಾದರಿಗಳಿಗೆ ಮಾತ್ರ ಸಿಗುತ್ತಿದ್ದವು. ನಿಮ್ಮ ಎರಡರಲ್ಲಿ ಒಂದಕ್ಕೆ ಇವೆ, ಇನ್ನೊಂದಕ್ಕೆ ಇಲ್ಲ ಎಂದಾದರೆ ಒಂದೆರಡು ಕಿಲೋಮೀಟರ್ ಹೆಚ್ಚಿನ ಮೈಲೇಜಿಗಾಗಿ ಇಲ್ಲದ್ದನ್ನು ಆರಿಸಬೇಡಿ. ಹಿಂದಿನ ಸೀಟಿನಲ್ಲಿ ಎಲ್ಲರಿಗೂ ಬೆಲ್ಟ್ ಇದೆಯೇ, ಎಳೆದರೆ ಬಿಗಿಯಾಗುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲ ಎರಡು ಅದು ತಯಾರಾದ ವಾರ, ಕೊನೆಯ ಎರಡು ವರ್ಷ. 1416 ಎಂದಿದ್ದರೆ ಅದು 2016ರ ಹದಿನಾಲ್ಕನೇ ವಾರದ ಟೈರು. ಕಾರು ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಘಾಟಿಯ ಇಳಿಜಾರಿನಲ್ಲಿ ಕಾದಾಗ ಬ್ರೇಕು ಹಿಡಿಯದೆ ಹೋಗುತ್ತದೆ. ಕಡಿಮೆ ಓಡಿಸಿದ ಕಾರು ಒಳ್ಳೆಯ ಸ್ಥಿತಿಯಲ್ಲೇ ಇರುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

ಮೂರನೆಯದು ಹೊಗೆ. ಬಿಎಸ್-4 ಮಾನದಂಡ ಬೆಂಗಳೂರಿನಂಥ ದೊಡ್ಡ ನಗರಗಳಿಗೆ 2010ರಲ್ಲಿ ಬಂದರೆ ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ ಒಂದೇ ವರ್ಷದ ಒಂದೇ ಮಾದರಿಯ ಎರಡು ಕಾರುಗಳೂ ಹೊಗೆಯ ಲೆಕ್ಕದಲ್ಲಿ ಬೇರೆಬೇರೆ ಇರಬಹುದು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಮಸಿಕಣಗಳ ಮಿತಿ ಬಿಎಸ್-3ರಲ್ಲಿ 0.05 ಗ್ರಾಂ, ಬಿಎಸ್-4ರಲ್ಲಿ 0.025 ಗ್ರಾಂ, 2020ರಿಂದ ಜಾರಿಯಲ್ಲಿರುವ ಬಿಎಸ್-6ರಲ್ಲಿ 0.0045 ಗ್ರಾಂ. ಹಳೆಯ ಡೀಸೆಲ್ ಎಂಜಿನ್ ಎಷ್ಟು ಗಟ್ಟಿಯಾಗಿದ್ದರೂ ಶಾಲೆಯ ಮುಂದೆ, ಸಿಗ್ನಲ್ಲಿನಲ್ಲಿ ಅದರ ಮಸಿ ಸೇರುವುದು ಮಕ್ಕಳ ಎದೆಗೆ. ಉಳಿದೆಲ್ಲದರಲ್ಲಿ ಎರಡೂ ಸಮ ಎನಿಸಿದರೆ, ನಿಮ್ಮ ಓಡಾಟ ಊರೊಳಗೇ ಹೆಚ್ಚಿದ್ದರೆ, ಪೆಟ್ರೋಲ್ ಕಾರನ್ನೇ ಉಳಿಸಿಕೊಳ್ಳಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ಕಾರಿನ ಇಂಧನ ಪೈಪು, ಗ್ಯಾಸ್ಕೆಟ್‌ಗಳನ್ನು ಒಮ್ಮೆ ತೋರಿಸಿ, ಬೇಕಿದ್ದರೆ ಬದಲಿಸಿಕೊಳ್ಳಿ.

ನಾಲ್ಕನೆಯದು ಕಾಗದಪತ್ರ ಮತ್ತು ಬಿಡಿಭಾಗ. ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ 600 ರೂಪಾಯಿ ಇದ್ದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿತು. ದೆಹಲಿಯಲ್ಲಿ ತಂದಂತೆ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ವಯಸ್ಸಿನ ಕಟ್ಟಳೆ ಕರ್ನಾಟಕದಲ್ಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಕಾರನ್ನು ಇಲ್ಲಿ ಓಡಿಸಬಹುದು. ವಯಸ್ಸಾಯಿತೆಂದು ಒಳ್ಳೆಯ ಕಾರನ್ನು ಗುಜರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ನೋಡಿಕೊಂಡ ಹಳೆಯ ಕಾರನ್ನು ಇನ್ನಷ್ಟು ವರ್ಷ ಓಡಿಸುವುದು ತಪ್ಪೂ ಅಲ್ಲ, ದುಂದೂ ಅಲ್ಲ. ಆದರೆ ತಯಾರಕರು ಇಲ್ಲಿನ ಮಾರಾಟ ನಿಲ್ಲಿಸಿ ಹೋದ ಷೆವರ್ಲೆ, ಫಿಯೆಟ್‌ನಂಥ ಕಾರುಗಳ ಬಿಡಿಭಾಗ ಹುಡುಕುವ ಕಷ್ಟ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಆಯ್ಕೆಗೆ ಮುಂಚೆ ಅದನ್ನೂ ವಿಚಾರಿಸಿ.

ಇಷ್ಟು ನೋಡಿದ ಮೇಲೂ ಮನಸ್ಸು ತೂಗಾಡಿದರೆ ನಿಮ್ಮ ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಕೇಳಿ. 'ಇನ್ನೆಷ್ಟು ವರ್ಷ ಓಡುತ್ತೆ?' ಎಂದರೆ 'ಓಡುತ್ತೆ ಬಿಡಿ ಸಾರ್' ಎಂಬ ಉತ್ತರವೇ ಸಿಗುವುದು. ಅದರ ಬದಲು, 'ನಿಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿಯಬೇಕಾದರೆ ಈ ಎರಡರಲ್ಲಿ ಯಾವುದನ್ನು ತಗೋತೀರಿ?' ಎಂದು ಕೇಳಿ. ಅವರು ಯಾವುದಕ್ಕೆ ಕೈ ತೋರಿಸುತ್ತಾರೋ ಅದು ನಿಮ್ಮ ಕಾರು. ಎರಡರ ಮೇಲೆ ಹಂಚಿಹೋಗುತ್ತಿದ್ದ ದುಡ್ಡನ್ನು ಅದರ ಟೈರು, ಬ್ರೇಕು, ಸ್ಟೀರಿಂಗಿಗೆ ಹಾಕಿ. ಎಮಿಷನ್ ಟೆಸ್ಟು, ಇನ್ಶೂರೆನ್ಸು ಒಂದು ದಿನವೂ ತಪ್ಪದಿರಲಿ.

ಇನ್ನು ಬಿಟ್ಟ ಕಾರಿನ ಮಾತು. ನನ್ನ ಮನವಿಯ ಮುಖ್ಯ ಭಾಗ ಇದೇ. ಓಡುವ ಸ್ಥಿತಿಯಲ್ಲಿದ್ದರೆ ಮಾರಿ. ಆದರೆ ಕೀ ಕೊಟ್ಟು ದುಡ್ಡು ಎಣಿಸಿಕೊಂಡರೆ ಮಾರಾಟ ಮುಗಿಯುವುದಿಲ್ಲ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳೊಳಗೆ ನೀವೇ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಯಿತೇ ಎಂದು ನೀವೇ ನೋಡಬೇಕು. ಒಬ್ಬರಿಂದೊಬ್ಬರಿಗೆ ಕೈ ಬದಲಾಯಿಸಿದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಹೆಸರು ಬದಲಾಗದೆ, ವಿಮೆಯೂ ಇಲ್ಲದೆ ಓಡುವ ಕಾರು ಯಾರಿಗಾದರೂ ಗುದ್ದಿದರೆ ಗಾಯಗೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕು, ನೀವು ಕೋರ್ಟಿನ ಮೆಟ್ಟಿಲು ಹತ್ತಬೇಕು. ಮಾರಿದ ಕೂಡಲೇ ಫಾಸ್ಟ್ಯಾಗ್ ಖಾತೆ ಮುಚ್ಚಿಸಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ಅದರ ಪತ್ರ ಪಡೆದಿಟ್ಟುಕೊಂಡರೆ ಮುಂದೆ ಕೊಳ್ಳುವ ಕಾರಿಗೆ ಬಳಸಬಹುದು.

ಬ್ರೇಕು, ಚಾಸಿ ಕೆಟ್ಟಿವೆ ಎಂದು ಗೊತ್ತಿದ್ದೂ ಅದನ್ನು ಮುಚ್ಚಿಟ್ಟು ಮಾರಬೇಡಿ. ನಿಮ್ಮ ಮಕ್ಕಳನ್ನು ಕೂರಿಸಲು ಅಂಜುವ ಕಾರಿನಲ್ಲಿ ಇನ್ನೊಬ್ಬರ ಮಕ್ಕಳು ಕೂರುವುದು ಬೇಡ. ಅಂಥದ್ದನ್ನು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. ಈ ಕೇಂದ್ರಗಳ ನಿಯಮಗಳು 2021ರಲ್ಲಿ ಜಾರಿಗೆ ಬಂದಿವೆ. ಕಾರು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ನೋಂದಣಿ ರದ್ದಾಗುತ್ತದೆ. ಆ ಪತ್ರವಿದ್ದರೆ ಹೊಸ ಕಾರಿನ ನೋಂದಣಿ ಶುಲ್ಕ ಇಲ್ಲ. ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಿಮಗೆಷ್ಟು ಅನ್ವಯಿಸುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿ. ಬೀದಿ ಬದಿಯ ಗುಜರಿಯಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚು ಬರಬಹುದು. ಆದರೆ ಅಲ್ಲಿ ಎಂಜಿನ್ ಆಯಿಲ್ ಮೋರಿ ಸೇರುತ್ತದೆ, ಬ್ಯಾಟರಿಯ ಸೀಸ ಮಣ್ಣಿಗಿಳಿಯುತ್ತದೆ, ಏಸಿ ಗ್ಯಾಸ್ ಗಾಳಿಗೆ ಹೋಗುತ್ತದೆ. ಕಾರು ಚೂರುಚೂರಾದ ಮೇಲೂ ದಾಖಲೆಯಲ್ಲಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಅದರ ನಂಬರ್ ಪ್ಲೇಟು ಕದ್ದ ಕಾರಿಗೆ ಅಂಟಿದರೆ ಪೊಲೀಸರು ಬಂದು ಬಾಗಿಲು ತಟ್ಟುವುದು ನಿಮ್ಮ ಮನೆಯದು.

ಬೀದಿಯಲ್ಲೇ ಬಿಡುತ್ತೇನೆ ಎಂಬ ಯೋಚನೆ ಮಾತ್ರ ಬೇಡ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಅದಕ್ಕಿಂತ ದೊಡ್ಡ ಮಾತು ಆರೋಗ್ಯದ್ದು. ಹಳೆಯ ಟೈರಿನಲ್ಲಿ, ಗಾಜು ಒಡೆದ ಕಾರಿನೊಳಗೆ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಬೇಕಾಯಿತು.

ಕೆಲವರಿಗೆ ಕಷ್ಟವಾಗುವುದು ಲೆಕ್ಕಾಚಾರದಿಂದಲ್ಲ, ಅದು ಅಪ್ಪನ ಕಾರು ಎನ್ನುವ ಕಾರಣದಿಂದ ಎಂದು ಬಲ್ಲೆ. ಆ ಪ್ರೀತಿ ದೊಡ್ಡದು. ಅಪ್ಪನ ಕಾರೇ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಂಡು ಇನ್ನೊಂದನ್ನು ಬಿಡಿ. ಅದು ಗಟ್ಟಿಯಿಲ್ಲವಾದರೆ ಬೀದಿಯ ಧೂಳಿನಲ್ಲಿ ಚಕ್ರ ಹೂತು ಕೊಳೆಯಲು ಬಿಡುವುದಕ್ಕಿಂತ ಕ್ರಮವಾಗಿ ಒಪ್ಪಿಸಿ ಬರುವುದೇ ಅವರ ನೆನಪಿಗೆ ಮರ್ಯಾದೆ.

ಬಡಾವಣೆಯ ನಿವಾಸಿಗಳ ಸಂಘಗಳಲ್ಲೂ ಒಂದು ಬೇಡಿಕೆ. ನಿಮ್ಮ ಬೀದಿಯಲ್ಲಿ ತಿಂಗಳುಗಟ್ಟಲೆ ಕದಲದ ಕಾರುಗಳನ್ನು ಗುರುತಿಸಿ. ದೂರು ಕೊಡುವ ಮುಂಚೆ ಮಾಲೀಕರ ಮನೆಗೆ ಹೋಗಿ ಮಾತಾಡಿ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಫಾರಂ ತುಂಬಲು, ಆರ್‌ಟಿಒಗೆ ಹೋಗಿಬರಲು ನೆರವಾಗಿ.

ಬರುವ ಆಯುಧ ಪೂಜೆಗೆ ನಿಮ್ಮ ಮನೆಯಲ್ಲಿ ಒಂದೇ ಕಾರು ಇರಲಿ. ಅದರ ಬ್ರೇಕು ಬಿಗಿಯಾಗಿರಲಿ, ಕಾಗದಪತ್ರ ಸರಿಯಾಗಿರಲಿ, ಅದು ಗೇಟಿನ ಒಳಗೆ ನಿಲ್ಲಲಿ. ಈ ಭಾನುವಾರವೇ ಎರಡೂ ಕಾರಿನ ಆರ್‌ಸಿ ಹೊರತೆಗೆದು ಮನೆಯವರೆಲ್ಲ ಕೂತು ಮಾತಾಡಿ, ತೀರ್ಮಾನ ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.